ಮುಂದಿನ ಆರು ಗಂಟೆ ಅಂದ್ರೆ ಯಾವುದು?

ನಮಸ್ಕಾರ, ಹಾಸನದಿಂದ. ಇವತ್ತು ಮೂರೇ ಸಾಲಿನ ಒಂದು ಕೋಡ್ ಬಗ್ಗೆ ತಕರಾರು ತೆಗೆಯೋಣ ಅಂತ ಬಂದಿದ್ದೇನೆ. ತೋಟದ ಪಂಪ್‌ಸೆಟ್ ಬೆಳಿಗ್ಗೆ ಆರಕ್ಕೆ ಆನ್ ಆಗಬೇಕು. ಈಗಿನ ಟೈಮ್ ತಗೊಳ್ಳಿ, ಗಂಟೆಯನ್ನು ಆರಕ್ಕೆ ಕೂರಿಸಿ, ಅದು ಆಗಲೇ ಕಳೆದಿದ್ದರೆ ಒಂದು ದಿನ ಕೂಡಿಸಿ. ಎಲ್ಲರೂ ಹೀಗೇ ಬರೆಯುತ್ತಾರೆ. ಲೆಕ್ಕ ಸರಿಯಾಗಿಯೇ ಇದೆ.

ಆದರೆ ಈಗಲೇ ಕರೆಕ್ಟಾಗಿ ಆರು ಗಂಟೆ ಆಗಿದ್ದರೆ? ಇವತ್ತಿನದೋ, ನಾಳೆಯದೋ? ಇದನ್ನು ಕೋಡ್ ಬರೆಯುವವನು ಸುಮ್ನೆ ತನ್ನ ಪಾಡಿಗೆ ತೀರ್ಮಾನ ಮಾಡಬಾರದು ಅನ್ನೋದೇ ನನ್ನ ವಾದ. ಕೇಳಿ ತಿಳಿದುಕೊಳ್ಳಬೇಕು.

ನಮ್ಮ ಹಾಸನಾಂಬೆಯನ್ನೇ ನೋಡಿ. ಆಶ್ವಯುಜ ಹುಣ್ಣಿಮೆ ಕಳೆದ ಮೇಲಿನ ಮೊದಲ ಗುರುವಾರ ಗರ್ಭಗುಡಿ ಬಾಗಿಲು ತೆರೆಯುತ್ತದೆ. 2023ರಲ್ಲಿ ನವೆಂಬರ್ 2, 2024ರಲ್ಲಿ ಅಕ್ಟೋಬರ್ 24, 2025ರಲ್ಲಿ ಅಕ್ಟೋಬರ್ 9. ಹೋದ ವರ್ಷದ ತಾರೀಖಿಗೆ 365 ಕೂಡಿಸಿದರೆ ಬಾಗಿಲು ತೆರೆಯುವ ದಿನ ಸಿಗುವುದೇ ಇಲ್ಲ! ಇನ್ನೂ ಮಜಾ ಇರೋದು 2024ರಲ್ಲಿ. ಆ ಸಲ ಹುಣ್ಣಿಮೆ ಅಕ್ಟೋಬರ್ 17ರ ಸಂಜೆವರೆಗೂ ಇತ್ತು. ಆ ದಿನವೇ ಗುರುವಾರ. ಬಾಗಿಲು ತೆರೆದದ್ದು ಮಾತ್ರ 24ಕ್ಕೆ. ಗುರುವಾರಕ್ಕೆ ಇನ್ನೆಷ್ಟು ದಿನ ಅಂತ ತಿಳಿಯಲು, ವಾರಗಳ ನಂಬರ್ ಕಳೆದು ಏಳರಿಂದ ಭಾಗಿಸಿ ಶೇಷ ತೆಗೆಯುವ ಟ್ರಿಕ್ ಗೊತ್ತಲ್ವಾ? ಅದಕ್ಕೆ ಆ ದಿನ ಕೊಟ್ಟರೆ ಸೊನ್ನೆ ಬರುತ್ತದೆ. ಅಂದರೆ 'ಇವತ್ತೇ ಹೋಗಿ' ಅನ್ನುತ್ತದೆ. ಜಾವಾ ಅನ್ನೋ ಪ್ರೋಗ್ರಾಮಿಂಗ್ ಭಾಷೆಯವರು ಇದಕ್ಕೇ 'ನೆಕ್ಸ್ಟ್', 'ನೆಕ್ಸ್ಟ್ ಆರ್ ಸೇಮ್' ಅಂತ ಎರಡು ಬೇರೆ ಬೇರೆ ಫಂಕ್ಷನ್ (ಒಂದು ಕೆಲಸ ಮಾಡುವ ಕೋಡಿನ ತುಣುಕು) ಇಟ್ಟಿದ್ದಾರೆ. ಮೊದಲನೆಯದು ಇವತ್ತನ್ನು ಬಿಟ್ಟು ಹುಡುಕುತ್ತದೆ, ಎರಡನೆಯದು ಇವತ್ತನ್ನೂ ಸೇರಿಸಿಕೊಳ್ಳುತ್ತದೆ. ಜಾಣತನ ಅಂದರೆ ಇದು.

ಪಂಪಿಗೆ ಬರೋಣ. ಟೈಮರ್ ಒಂದು ಕ್ಷಣ ಬೇಗ, 5:59:59ಕ್ಕೇ ಎದ್ದಿತು ಅಂದುಕೊಳ್ಳಿ. ಕೆಲಸ ಮಾಡಿತು, ಮುಂದಿನ ಆರು ಯಾವಾಗ ಅಂತ ಲೆಕ್ಕ ಹಾಕಿತು. ಇನ್ನೊಂದು ಸೆಕೆಂಡಿಗೆ! ಅದೇ ಕೆಲಸ ಎರಡು ಸಲ. ಹಾಗಾಗಿ ಮುಂದಿನ ಸರದಿಯನ್ನು ಗಡಿಯಾರ ನೋಡಿ ಹಾಕಬೇಡಿ, ಹಿಂದಿನ ನಿಗದಿತ ಟೈಮಿನಿಂದ ಹಾಕಿ.

24 ಗಂಟೆ ಕೂಡಿಸುವವರಿಗೂ ಒಂದು ಮಾತು. ಇಲ್ಲಿ ಅದು ನಡೆಯುತ್ತದೆ, ನಾವು ಗಡಿಯಾರ ಹಿಂದೆ ಮುಂದೆ ಮಾಡುವವರಲ್ಲ. ನ್ಯೂಯಾರ್ಕಿನಲ್ಲಿ ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಹಾಕುತ್ತಾರೆ, ಆ ದಿನಕ್ಕೆ ಇರುವುದೇ 23 ಗಂಟೆ. ಆ ದಿನ ಬೆಳಗಿನ ಜಾವ 2:30 ಅನ್ನೋದು ಬರುವುದೇ ಇಲ್ಲ. ಗಂಟೆ ಬಿಡಿ, ತಾರೀಖಿಗೆ ಒಂದು ಕೂಡಿಸಿ. ಟೈಮ್‌ಜೋನನ್ನೂ ಹೆಸರಿಟ್ಟು ಹೇಳಿ: ಏಷ್ಯಾ ಕೋಲ್ಕತಾ, ಕಂಪ್ಯೂಟರಿನಲ್ಲಿ ನಮ್ಮ ಭಾರತದ ಸಮಯಕ್ಕೆ ಇರುವ ಹೆಸರು ಅದು. ಹೇಳದಿದ್ದರೆ, ಸರ್ವರ್ ಯುಟಿಸಿಯಲ್ಲಿ (ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಓಡುತ್ತಿದ್ದಾಗ ನಿಮ್ಮ ಆರು ಗಂಟೆಯ ನೀರು ಹಾಸನದಲ್ಲಿ 11:30ರ ಬಿಸಿಲಿಗೆ ಬರುತ್ತದೆ.

ಇನ್ನೊಂದು, 'ಈಗ' ಟೈಮ್ ಎಷ್ಟು ಅನ್ನೋದನ್ನು ಫಂಕ್ಷನ್ ಒಳಗೇ ಗಡಿಯಾರದಿಂದ ತಗೊಳ್ಳಬೇಡಿ. ಹೊರಗಿನಿಂದ ಕೊಡಿ. ಆಗ 5:59, 6:00, 6:01 ಮೂರನ್ನೂ ಕೊಟ್ಟು ಮಧ್ಯಾಹ್ನ ಊಟಕ್ಕೆ ಮುಂಚೆಯೇ ಟೆಸ್ಟ್ ಮಾಡಿ ಮುಗಿಸಬಹುದು.