ಫಲಕದ ಮೇಲಿನ ಪದ

ಕೇಳುಗರೆಲ್ಲರಿಗೂ ನಮಸ್ಕಾರ.

ಕೆನಡಾದ ಮಾಂಟ್ರಿಯಲ್ ನಗರ. 1989ರ ಡಿಸೆಂಬರ್ 6ರ ಸಂಜೆ. ಎಕೋಲ್ ಪಾಲಿಟೆಕ್ನಿಕ್ ಎಂಬ ಇಂಜಿನಿಯರಿಂಗ್ ಕಾಲೇಜಿನ ತರಗತಿಗೆ ಬಂದೂಕು ಹಿಡಿದ ಇಪ್ಪತ್ತೈದರ ಯುವಕನೊಬ್ಬ ನುಗ್ಗಿದ. ಗಂಡಸರು ಒಂದು ಕಡೆ, ಹೆಂಗಸರು ಇನ್ನೊಂದು ಕಡೆ ನಿಲ್ಲಿ ಎಂದ. ತಮಾಷೆ ಇರಬೇಕೆಂದು ಯಾರೂ ಕದಲಲಿಲ್ಲ. ಆತ ಚಾವಣಿಗೆ ಗುಂಡು ಹಾರಿಸಿದ. ಸುಮಾರು 50 ಹುಡುಗರನ್ನು ಹೊರಗೆ ಕಳಿಸಿದ. ಉಳಿದವರು ಒಂಬತ್ತು ಹುಡುಗಿಯರು.

ತಾನು ಸ್ತ್ರೀವಾದದ ವಿರುದ್ಧ ಹೋರಾಡುತ್ತಿದ್ದೇನೆ ಎಂದು ಆತ ಹೇಳಿದಾಗ ನಟಾಲಿ ಪ್ರೊವೊ ಎಂಬ ವಿದ್ಯಾರ್ಥಿನಿ ಧೈರ್ಯ ಮಾಡಿ ಉತ್ತರ ಕೊಟ್ಟಳು: ನಾವು ಇಂಜಿನಿಯರಿಂಗ್ ಓದುತ್ತಿರುವ ಹುಡುಗಿಯರು, ಅಷ್ಟೇ. ಮರುಕ್ಷಣ ಗುಂಡಿನ ಸುರಿಮಳೆ. ಆ ಕೋಣೆಯಲ್ಲೇ ಆರು ಮಂದಿ ಸತ್ತರು. ನಟಾಲಿಗೂ ಗುಂಡು ತಗುಲಿತು, ಜೀವ ಉಳಿಯಿತು. ಆತ ಅಲ್ಲಿಂದ ಹೊರಬಿದ್ದು ಕಾಲೇಜಿನ ಬೇರೆ ಕಡೆಗಳಲ್ಲೂ ಗುಂಡು ಹಾರಿಸಿದ. ಕೊನೆಗೆ ತನ್ನನ್ನೇ ಕೊಂದುಕೊಳ್ಳುವ ಹೊತ್ತಿಗೆ ಒಟ್ಟು 14 ಮಹಿಳೆಯರು ಹೆಣವಾಗಿದ್ದರು. ಅವರಲ್ಲಿ 12 ಮಂದಿ ಇಂಜಿನಿಯರಿಂಗ್ ವಿದ್ಯಾರ್ಥಿನಿಯರು. ಮಗಳನ್ನು ಹಾಸ್ಟೆಲಿಗೆ ಸೇರಿಸಿ, ಬಸ್ಸಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ ಊರಿಗೆ ಮರಳಿದ ತಂದೆತಾಯಿಗಳು ಈ ಮಾತು ಕೇಳುತ್ತಿದ್ದರೆ, ಅವರಿಗೆ ನಾನು ಹೆಚ್ಚು ವಿವರಿಸಬೇಕಿಲ್ಲ.

ಅವನ ಹೆಸರನ್ನು ನಾನು ಹೇಳುವುದಿಲ್ಲ. ಆದರೆ ಅವನ ಜೇಬಿನಲ್ಲಿದ್ದ ಪತ್ರದ ಬಗ್ಗೆ ಹೇಳಲೇಬೇಕು. ತನ್ನ ಕೃತ್ಯಕ್ಕೆ ರಾಜಕೀಯ ಕಾರಣವಿದೆ, ಸ್ತ್ರೀವಾದಿಗಳು ತನ್ನ ಬದುಕು ಹಾಳುಮಾಡಿದರು ಎಂದು ಅವನೇ ಬರೆದಿದ್ದ. ಕೊಲ್ಲಬೇಕೆಂದುಕೊಂಡಿದ್ದ ಇನ್ನೂ 19 ಮಹಿಳೆಯರ ಪಟ್ಟಿಯೂ ಅದರಲ್ಲಿತ್ತು. ಪೊಲೀಸರು ಪತ್ರವನ್ನು ಬಹಿರಂಗಪಡಿಸಲಿಲ್ಲ. ಸುಮಾರು ಒಂದು ವರ್ಷದ ನಂತರ ಅದು ಪತ್ರಿಕೆಯಲ್ಲಿ ಅಚ್ಚಾಯಿತು. ಅದನ್ನು ಹೊರತಂದವರು ಫ್ರಾನ್ಸಿನ್ ಪೆಲ್ಟಿಯೆ. ಆ ಪಟ್ಟಿಯಲ್ಲೇ ಹೆಸರಿದ್ದ ಪತ್ರಕರ್ತೆ!

ಕೊಂದವನೇ ಕಾರಣ ಬರೆದಿಟ್ಟಿದ್ದರೂ ಅನೇಕರು ಇದನ್ನು ಒಬ್ಬ ಹುಚ್ಚನ ಕೆಲಸವೆಂದೇ ಕರೆದರು. ಹುಚ್ಚನೇ ಆಗಿದ್ದರೆ ಹುಡುಗರನ್ನು ಎಣಿಸಿದಂತೆ ಬೇರ್ಪಡಿಸಿ ಹೊರಗೆ ಕಳಿಸುತ್ತಿದ್ದನೇ? ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಮಾಂಟ್ರಿಯಲ್‌ನಲ್ಲಿ ಸತ್ತ ಈ ಮಹಿಳೆಯರ ನೆನಪಿಗೆ ಒಂದು ಉದ್ಯಾನವಿದೆ. ಅಲ್ಲಿನ ಫಲಕದಲ್ಲಿ ಬಹುಕಾಲ ಇದ್ದದ್ದು 'ದುರಂತ ಘಟನೆ' ಎಂಬ ಮಾತು. ಎಷ್ಟು ಜನ ಸತ್ತರೆಂಬುದೂ ಇರಲಿಲ್ಲ. ದುರಂತವೆಂದರೆ ಸೇತುವೆ ಕುಸಿದಂತೆ, ನೆರೆ ಬಂದಂತೆ. ಅಲ್ಲಿ ಕೊಂದವರೇ ಇರುವುದಿಲ್ಲ. 2019ರಲ್ಲಿ, ಮೂವತ್ತು ವರ್ಷ ತುಂಬಿದಾಗ, ಫಲಕ ಬದಲಾಯಿತು. ಈಗ ಅಲ್ಲಿ ಸ್ತ್ರೀವಾದ ವಿರೋಧಿ ದಾಳಿಯಲ್ಲಿ ಹತರಾದ 14 ಮಹಿಳೆಯರು ಎಂದು ಬರೆದಿದೆ.

ಪ್ರತಿ ಡಿಸೆಂಬರ್ 6ರ ಸಂಜೆ ಅಲ್ಲಿನ ಮೌಂಟ್ ರಾಯಲ್ ಗುಡ್ಡದ ಮೇಲೆ ಜನ ಚಳಿಯಲ್ಲಿ ಸೇರುತ್ತಾರೆ. ಹೆಸರುಗಳನ್ನು ಒಂದೊಂದಾಗಿ ಕರೆಯುತ್ತಾರೆ. ಒಂದು ಹೆಸರಿಗೆ ಒಂದರಂತೆ 14 ಬೆಳಕಿನ ಕಂಬಗಳು ಕತ್ತಲ ಆಕಾಶಕ್ಕೆ ಏಳುತ್ತವೆ.

ನಮಸ್ಕಾರ.