ಸೌರಕೋಶದ ಬೆನ್ನಿಗೆ ಚಿನ್ನವೋ, ಮಸಿಯೋ?

ಕೇಳುಗರಿಗೆಲ್ಲ ನಮಸ್ಕಾರ.

ಮೂರು ಗ್ರಾಂ ಚಿನ್ನ ಅಂದರೆ ಒಂದು ಉಂಗುರ. ಎರಡು ಚದರ ಮೀಟರಿನ ಸೋಲಾರ್ ಪ್ಯಾನೆಲ್ಲಿನ ಬೆನ್ನಿಗೆ 80 ನ್ಯಾನೊಮೀಟರ್ ದಪ್ಪಕ್ಕೆ ಚಿನ್ನ ಕೂರಿಸಿದರೆ ಅಷ್ಟು ಬೇಕಾಗುತ್ತದೆ. ತಲೆಗೂದಲಿನ ದಪ್ಪದಲ್ಲಿ ಸಾವಿರಕ್ಕೊಂದು ಪಾಲು, ಅಷ್ಟು ತೆಳು ಪದರ. ನಿರ್ವಾತದ ಪೆಟ್ಟಿಗೆಯಲ್ಲಿ ಚಿನ್ನವನ್ನು ಆವಿ ಮಾಡಿ ಕೂರಿಸುತ್ತಾರೆ. ಪೆಟ್ಟಿಗೆಯ ಗೋಡೆಗೆ ಅಂಟಿದ್ದು ಬೇರೆ ಲೆಕ್ಕ.

ಪ್ಯಾನೆಲ್ಲಿಗೆ ಯಾರಪ್ಪಾ ಚಿನ್ನ ಹಾಕುತ್ತಾರೆ ಅಂತೀರಾ? ಲ್ಯಾಬಿನಲ್ಲಿ ಹಾಕುತ್ತಾರೆ, ಪೆರೋವ್‌ಸ್ಕೈಟ್ ಎಂಬ ವಸ್ತುವಿನಿಂದ ಮಾಡಿದ ಹೊಸ ಬಗೆಯ ಸೌರಕೋಶಕ್ಕೆ. 2009ರಲ್ಲಿ ಜಪಾನಿನ ತ್ಸುತೊಮು ಮಿಯಾಸಾಕಾ ಅವರ ತಂಡ ಇದನ್ನು ಮಾಡಿದಾಗ, ಬಿದ್ದ ಬಿಸಿಲಿನಲ್ಲಿ ಶೇಕಡಾ 3.8ರಷ್ಟು ಮಾತ್ರ ಕರೆಂಟಾಯಿತು. ಈಗ ಲ್ಯಾಬಿನಲ್ಲಿ 26 ದಾಟಿದೆ. ಸಿಲಿಕಾನಿಗೆ ಬೇಕಾದಂಥ ಕುಲುಮೆ ಬೇಡ, ದ್ರಾವಣ ಮಾಡಿ ಗಾಜಿಗೆ ಹಚ್ಚಿದರಾಯಿತು. ಎಲ್ಲರೂ ಹೊಗಳುವುದು ಇದನ್ನೇ.

ಆದರೆ ಕರೆಂಟು ಹುಟ್ಟಿದರೆ ಸಾಕೇ, ಹೊರಗೆ ಬರಬೇಕಲ್ವಾ? ಅದಕ್ಕೆ ಮುಂದೊಂದು, ಬೆನ್ನಿಗೊಂದು ಎಲೆಕ್ಟ್ರೋಡ್, ಅಂದರೆ ಕರೆಂಟನ್ನು ಹೊರಗೆ ಸಾಗಿಸುವ ಪದರ ಬೇಕು. ಮುಂದಿನದು ಬಿಸಿಲನ್ನೂ ಒಳಗೆ ಬಿಡಬೇಕು. ಫ್ಲೋರಿನ್ ಬೆರೆಸಿದ ಟಿನ್ ಆಕ್ಸೈಡ್ ಬಳಿದ ಗಾಜು ಆ ಕೆಲಸ ಮಾಡುತ್ತದೆ. ತಕರಾರೆಲ್ಲ ಬೆನ್ನಿನದು.

ಚಿನ್ನ ದುಬಾರಿ, ಬೆಳ್ಳಿ ಹಾಕೋಣ ಅಂದರೆ ಪೆರೋವ್‌ಸ್ಕೈಟಿನಲ್ಲಿ ಅಯೋಡಿನ್ ಇದೆ. ಅದು ಮೆಲ್ಲಗೆ ಬಂದು ಬೆಳ್ಳಿಯನ್ನು ಹಿಡಿಯುತ್ತದೆ. ಫಳಫಳ ಅನ್ನುತ್ತಿದ್ದ ಬೆಳ್ಳಿ ಹಳದಿಗೆ ತಿರುಗಿ ಸಿಲ್ವರ್ ಅಯೋಡೈಡ್ ಆಗುತ್ತದೆ. ಅಲ್ಲಿಗೆ ಕರೆಂಟಿನ ದಾರಿ ಕಟ್ಟಿತು. ಹೋಗಲಿ, ಚಿನ್ನವಾದರೂ ಸುಮ್ನೆ ಇರುತ್ತದಾ? 2016ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಕೋಶವನ್ನು 70 ಡಿಗ್ರಿಗೆ ಕಾಯಿಸಿ ನೋಡಿದರು. ಚಿನ್ನ ನಡುವಿನ ಪದರ ದಾಟಿ ಪೆರೋವ್‌ಸ್ಕೈಟಿನ ಒಳಗೇ ನುಗ್ಗಿತ್ತು. ನಮ್ಮ ರಾಯಚೂರಿನ ಬೇಸಿಗೆಯಲ್ಲಿ ತಾರಸಿ ಮೇಲಿನ ಪ್ಯಾನೆಲ್ ಹತ್ತಿರ ಹತ್ತಿರ ಅಷ್ಟೇ ಕಾಯುತ್ತದೆ.

ಹಾಗಾಗಿ ನನ್ನ ಮನಸ್ಸು ಮಸಿಯ ಕಡೆಗೆ. ಚೀನಾದ ವುಹಾನ್‌ನಲ್ಲಿ ಹಾನ್ ಹೊಂಗ್‌ವೇ ಅವರ ತಂಡ 2014ರಲ್ಲಿ ಬೆನ್ನಿಗೆ ಕಾರ್ಬನ್ ಮಸಿ ಹಾಕಿದ ಕೋಶ ಮಾಡಿ ತೋರಿಸಿತು. ಮದುವೆ ಕಾರ್ಡಿಗೆ ಸ್ಕ್ರೀನ್ ಪ್ರಿಂಟಿಂಗ್ ಮಾಡುವ ಹಾಗೆ ಗಾಜಿನ ಮೇಲೆ ಟೈಟಾನಿಯಂ ಆಕ್ಸೈಡ್, ಅದರ ಮೇಲೆ ಜಿರ್ಕೋನಿಯಂ ಆಕ್ಸೈಡ್, ಕೊನೆಗೆ ಗ್ರಾಫೈಟೂ ಕಾರ್ಬನ್ ಮಸಿಯೂ ಕೂಡಿದ ಕಪ್ಪು ಪೇಸ್ಟು ಒತ್ತುತ್ತಾರೆ. ನಂತರ ಚೆನ್ನಾಗಿ ಸುಡುತ್ತಾರೆ. ಪೆರೋವ್‌ಸ್ಕೈಟ್ ಆ ಶಾಖ ತಡೆಯುವುದಿಲ್ಲ. ಅದಕ್ಕೇ ಸುಟ್ಟು ಆರಿದ ಮೇಲೆ ಮಸಿಯ ಮೇಲಿಂದಲೇ ದ್ರಾವಣವನ್ನು ಹನಿಸುತ್ತಾರೆ. ಕರಿದ ಜಾಮೂನು ಪಾಕ ಹೀರುವ ಹಾಗೆ ಅದು ಮೂರೂ ಪದರಗಳಿಗೆ ಇಳಿಯುತ್ತದೆ. ಅಯೋಡಿನ್ನಿಗೆ ಕಾರ್ಬನ್ ಬಗ್ಗುವುದಿಲ್ಲ. ಆ ಕೋಶ ಕೊಟ್ಟದ್ದು ಶೇಕಡಾ 12.8, ಆದರೆ ಬಿಸಿಲಿನಲ್ಲಿ 1000 ಗಂಟೆಗೂ ಜಾಸ್ತಿ ಬಾಳಿತು.

ಕೊರತೆ ಇಲ್ಲ ಅಂತಲ್ಲ. ಲೋಹದಷ್ಟು ಸಲೀಸಾಗಿ ಕಾರ್ಬನ್ನಿನಲ್ಲಿ ಕರೆಂಟು ಹರಿಯುವುದಿಲ್ಲ, ದೂರ ಹೋದಷ್ಟೂ ಶಕ್ತಿ ನಷ್ಟವಾಗುತ್ತದೆ. ಅದಕ್ಕೆ ಪ್ಯಾನೆಲ್ಲನ್ನು ಕೆಲವೇ ಮಿಲಿಮೀಟರ್ ಅಗಲದ ಪಟ್ಟಿಗಳಾಗಿ ಸೀಳಿ, ಒಂದರ ಬೆನ್ನನ್ನು ಇನ್ನೊಂದರ ಮುಂಭಾಗಕ್ಕೆ ಜೋಡಿಸುತ್ತಾರೆ. ಸೀಳಿದ ಗೆರೆಯಲ್ಲಿ ಕರೆಂಟು ಹುಟ್ಟುವುದಿಲ್ಲ. ಪಟ್ಟಿ ಅಗಲವಾದರೆ ಕಾರ್ಬನ್ ತಿನ್ನುತ್ತದೆ, ಸಣ್ಣದಾದರೆ ಗೆರೆಗಳು ತಿನ್ನುತ್ತವೆ. ಮಸಿಯ ಹಿಂದೆ ಬಿದ್ದವರು ಈ ಮಿಲಿಮೀಟರಿನ ಲೆಕ್ಕದಲ್ಲೇ ತಲೆ ಕೆಡಿಸಿಕೊಂಡಿದ್ದಾರೆ.

ನಮಸ್ಕಾರ.