ತೊಡೆಯ ಮೇಲೊಂದು ಮೂತಿ

ಕೇಳುಗರಿಗೆ ನಮಸ್ಕಾರ.

ನಮ್ಮ ಮನೆಯ ನಾಯಿಯ ಹೆಸರು ಕೆಂಚ. ಜಾತಿನಾಯಿ ಅಲ್ಲ, ಮಳೆಗಾಲದಲ್ಲಿ ಚರಂಡಿ ಪಕ್ಕ ಸಿಕ್ಕಿದ ಮರಿ. ಈಗ ಏಳು ವರ್ಷ. ತಿಂಗಳಿಗೆ ಎರಡು ಭಾನುವಾರ ಅವನನ್ನು ಕರೆದುಕೊಂಡು ಊರಾಚೆಯ ಒಂದು ವೃದ್ಧಾಶ್ರಮಕ್ಕೆ ಹೋಗುತ್ತೇನೆ. ಅಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿದೆ, ಮಾತು ತೊದಲುತ್ತದೆ. ತೊದಲಿದ್ದನ್ನು ಕೇಳಿ ಎದುರಿನವರು ‘ಏನು, ಏನು’ ಅನ್ನುತ್ತಾರಲ್ಲ, ಅದಕ್ಕೆ ಬೇಸತ್ತು ಅವರು ಮಾತನ್ನೇ ಬಿಟ್ಟಿದ್ದರು.

ಮೊದಲ ದಿನ ಕೆಂಚ ಅವರ ಗಾಲಿಕುರ್ಚಿಯ ಹತ್ತಿರ ಹೋಗಿ, ಪಾದ ಮೂಸಿ, ಅಲ್ಲೇ ಮಲಗಿದ. ತುಂಬ ಹೊತ್ತು ಏನೂ ಆಗಲಿಲ್ಲ. ಅಜ್ಜಿ ಗೋಡೆ ನೋಡುತ್ತಾ ಕೂತಿದ್ದರು. ಆಮೇಲೆ ಅವನು ನಿಧಾನವಾಗಿ ಎದ್ದು, ಮೂತಿ ತಂದು ಅವರ ತೊಡೆಯ ಮೇಲಿಟ್ಟ. ಅಜ್ಜಿಯ ಎಡಗೈ ಸ್ವಲ್ಪ ಅಲುಗಿತು. ಕಿವಿಯ ಹಿಂದೆ ಒಂದು ಬೆರಳು ಬಂತು, ಆಮೇಲೆ ಎರಡು, ಆಮೇಲೆ ಇಡೀ ಅಂಗೈ. ಮುಂದಿನ ಸಲ ಹೋದಾಗ, ಬೆಳಗಿನ ಟೀ ಜೊತೆ ಕೊಟ್ಟ ಬನ್ನಿನಲ್ಲಿ ಅರ್ಧ ಮುರಿದು ಸೆರಗಿನ ತುದಿಯಲ್ಲಿ ಗಂಟು ಹಾಕಿಟ್ಟುಕೊಂಡಿದ್ದರು. ಒಂದೇ ಕೈಯಲ್ಲಿ, ಹಲ್ಲಿನಿಂದ ಎಳೆದು, ಗಂಟು ಬಿಚ್ಚಿದರು. ‘ತಿ... ತಿನ್ನೋ ಮಗಾ’ ಅಂದರು. ಕೆಂಚ ‘ಏನು’ ಅನ್ನಲಿಲ್ಲ. ತಿಂದ.

ಆ ಅಜ್ಜಿಗೆ ಊಟ ಕೊಡುವವರಿದ್ದಾರೆ, ಮಾತ್ರೆ ಕೊಡುವವರಿದ್ದಾರೆ, ಹಬ್ಬಕ್ಕೆ ಸೀರೆ ಕೊಡುವವರೂ ಬರುತ್ತಾರೆ. ಎಲ್ಲರೂ ಕೊಡುವವರೇ. ಅವರ ಕೈಯಿಂದ ತೆಗೆದುಕೊಳ್ಳುವವರು ಮಾತ್ರ ಯಾರೂ ಇರಲಿಲ್ಲ. ಹತ್ತಾರು ಜನಕ್ಕೆ ಬಡಿಸಿದ ಕೈ ಅದು. ಕೆಂಚ ಬಂದ ಮೇಲೆ ಆ ಕೈಗೆ ಮತ್ತೆ ಕೆಲಸ ಸಿಕ್ಕಿತು.

ಎರಡನೇ ಮಹಾಯುದ್ಧದ ಕಾಲದಲ್ಲೂ ಇಂಥದ್ದೇ ನಡೆದಿತ್ತು. 1944ರಲ್ಲಿ ನ್ಯೂಗಿನಿಯ ಕಾಡಿನ ಒಂದು ಗುಂಡಿಯಲ್ಲಿ ಯಾರ್ಕ್‌ಷೈರ್ ಟೆರಿಯರ್ ತಳಿಯ ಪುಟ್ಟ ನಾಯಿ ಸಿಕ್ಕಿತು. ತೂಕ ಎರಡು ಕಿಲೋ ಕೂಡ ಇಲ್ಲ. ಬಿಲ್ ವಿನ್ ಎಂಬ ಅಮೆರಿಕದ ಸೈನಿಕ ಅದನ್ನು ಕೊಂಡುಕೊಂಡು ಸ್ಮೋಕಿ ಎಂದು ಹೆಸರಿಟ್ಟು ಸಾಕಿದ. ಅವನಿಗೆ ಡೆಂಗಿ ಜ್ವರ ಬಂದು ಆಸ್ಪತ್ರೆ ಸೇರಿದಾಗ ಗೆಳೆಯರು ಸ್ಮೋಕಿಯನ್ನು ಹಾಸಿಗೆಯ ಬಳಿಗೇ ತಂದರು. ಅದನ್ನು ನೋಡಿದ ದಾದಿಯರು, ಗಾಯಗೊಂಡು ಮಲಗಿದ್ದ ಬೇರೆ ಸೈನಿಕರ ಬಳಿಗೂ ಕರೆದುಕೊಂಡು ಹೋಗತೊಡಗಿದರು. ಹಗಲು ವಾರ್ಡಿನ ಸುತ್ತು, ರಾತ್ರಿ ವಿನ್‌ನ ಮಂಚ. ಸಂತೈಸುವ ನಾಯಿಗಳ ಕತೆ ಹೇಳುವವರು ಇಂದಿಗೂ ಸ್ಮೋಕಿಯಿಂದಲೇ ಶುರು ಮಾಡುತ್ತಾರೆ.

ಇದನ್ನು ವೈದ್ಯಲೋಕದ ಮುಂದೆ ಗಂಭೀರವಾಗಿ ಇಟ್ಟವರು ನ್ಯೂಯಾರ್ಕಿನ ಮಕ್ಕಳ ಮನಶ್ಶಾಸ್ತ್ರಜ್ಞ ಬೋರಿಸ್ ಲೆವಿನ್ಸನ್. ಯಾರೊಂದಿಗೂ ಬೆರೆಯದ ಒಬ್ಬ ಹುಡುಗನನ್ನು ಅವನ ತಾಯಿ, ಲೆವಿನ್ಸನ್ ಹೇಳಿದ ಹೊತ್ತಿಗಿಂತ ಮೊದಲೇ ಕರೆತಂದರು. ಲೆವಿನ್ಸನ್ನರ ನಾಯಿ ಜಿಂಗಲ್ಸ್ ಅವರ ಕಾಲಬುಡದಲ್ಲೇ ಇತ್ತು. ಓಡಿ ಹೋಗಿ ಹುಡುಗನನ್ನು ನೆಕ್ಕಿತು. ಹುಡುಗ ಹೆದರಲಿಲ್ಲ, ತಬ್ಬಿಕೊಂಡ. ಮುಂದಿನ ಭೇಟಿಗಳಲ್ಲಿ ಅವನು ಆಡಿದ್ದು ನಾಯಿಯ ಜೊತೆ. ಆ ಆಟದೊಳಕ್ಕೆ ವೈದ್ಯರು ಮೆಲ್ಲನೆ ಸೇರಿಕೊಂಡರು. ಈ ಅನುಭವವನ್ನು ಲೆವಿನ್ಸನ್ 1962ರಲ್ಲಿ ಬರೆದು ಪ್ರಕಟಿಸಿದರು. ನಾಯಿಯನ್ನು ಅವರು ತಮ್ಮ ಸಹಚಿಕಿತ್ಸಕ ಎಂದೇ ಕರೆದರು. ಆಗ ನಕ್ಕವರಿದ್ದರು. ನನಗೆ ಆ ಮಾತಿನಲ್ಲಿ ಒಂದಿಷ್ಟೂ ಉತ್ಪ್ರೇಕ್ಷೆ ಕಾಣುವುದಿಲ್ಲ.

ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ 1999ರಲ್ಲಿ ಓದಲು ಅಂಜುವ ಮಕ್ಕಳನ್ನು ನಾಯಿಯ ಪಕ್ಕ ಕೂರಿಸಿ, ಅದಕ್ಕೆ ಕತೆ ಓದಿ ಹೇಳಿಸುವ ಪದ್ಧತಿ ಆರಂಭವಾಯಿತು. ತಡವರಿಸಿದರೆ ನಾಯಿ ತಿದ್ದುವುದಿಲ್ಲ, ಪಕ್ಕದ ಬೆಂಚಿನವರ ಹಾಗೆ ನಗುವುದಿಲ್ಲ. ನಮ್ಮ ಶಾಲೆಗಳಲ್ಲೂ ಇದಾಗಬೇಕು ಎಂಬುದು ನನ್ನ ಆಸೆ.

ಇದೆಲ್ಲ ಬರೀ ನಮ್ಮ ಭಾವನೆಯೇ ಎಂದು ಕೇಳುವವರಿಗೆ ಒಂದು ಮಾತು. 2015ರಲ್ಲಿ ಜಪಾನಿನ ಸಂಶೋಧಕರು, ನಾಯಿ ಮತ್ತು ಅದನ್ನು ಸಾಕಿದವರು ಬಹಳ ಹೊತ್ತು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡಾಗ ಇಬ್ಬರ ಮೈಯಲ್ಲೂ ಆಕ್ಸಿಟೋಸಿನ್ ಹೆಚ್ಚುವುದನ್ನು ಕಂಡರು. ತಾಯಿ ಮಗುವನ್ನು ಬೆಸೆಯುವ ಹಾರ್ಮೋನು ಅದು. ಮನುಷ್ಯರೇ ಸಾಕಿದ ತೋಳಗಳಲ್ಲಿ ಹೀಗಾಗಲಿಲ್ಲ.

ಹಾಗಂತ ಎಲ್ಲ ನಾಯಿಯನ್ನೂ ಎಳೆದುಕೊಂಡು ಹೋಗಬೇಡಿ. ಪಾತ್ರೆ ಬಿದ್ದ ಸದ್ದಿಗೆ ಬೆದರುವ, ಮೈಮೇಲೆ ಜಿಗಿಯುವ ನಾಯಿ ಇದಕ್ಕೆ ಒಗ್ಗುವುದಿಲ್ಲ. ರೇಬೀಸ್ ಲಸಿಕೆ, ಜಂತುಹುಳುವಿನ ಔಷಧಿ ತಪ್ಪಬಾರದು. ಮುದುಕರ ಚರ್ಮ ತೆಳು, ನಾಯಿಯ ಉಗುರು ಕತ್ತರಿಸಿರಬೇಕು. ಮುಟ್ಟಿದವರು ಆಮೇಲೆ ಕೈ ತೊಳೆಯಬೇಕು. ಚಿಕ್ಕಂದಿನಲ್ಲಿ ಕಡಿಸಿಕೊಂಡು ಇಂದಿಗೂ ಹೆದರುವ ತಾತ ಒಬ್ಬರಿದ್ದಾರೆ, ಅವರ ಕೋಣೆಗೆ ನಾವು ಹೋಗುವುದಿಲ್ಲ. ನಾಯಿಗೂ ಸುಸ್ತಾಗುತ್ತದೆ. ನಿದ್ದೆ ಬರದಿದ್ದರೂ ಆಕಳಿಸುವುದು, ತುಟಿ ನೆಕ್ಕಿಕೊಳ್ಳುವುದು, ಮುಖ ತಿರುಗಿಸುವುದು ಎಲ್ಲ ‘ಸಾಕು’ ಅನ್ನುವ ಅದರ ಮಾತು. ಅಷ್ಟು ಕಂಡರೆ ನಾನು ಕೂಡಲೇ ಹೊರಡುತ್ತೇನೆ. ಅರ್ಧ ಗಂಟೆ ಚೆನ್ನಾಗಿ ಕೂತರೆ ಅದೇ ಹೆಚ್ಚು.

ನಾಯಿ ರೋಗ ವಾಸಿ ಮಾಡುತ್ತದೆ ಎಂದು ನಾನು ಹೇಳುವುದಿಲ್ಲ. ಅಜ್ಜಿಯ ಬಲಗೈ ಇವತ್ತಿಗೂ ಏಳುವುದಿಲ್ಲ.

ಹೋದ ತಿಂಗಳು ಕೆಂಚನ ಕಾಲಿಗೆ ಮುಳ್ಳು ಹೊಕ್ಕು ಬಾತಿತ್ತು. ನಾನೊಬ್ಬಳೇ ಹೋದೆ. ಅಜ್ಜಿ ನನ್ನ ಹಿಂದೆ ಬಾಗಿಲ ಕಡೆ ನೋಡಿದರು. ಆಮೇಲೆ ಸೆರಗಿನ ಗಂಟನ್ನು ಹಲ್ಲಿನಿಂದ ಬಿಚ್ಚಿ, ಅರ್ಧ ಬನ್ನನ್ನು ನನ್ನ ಅಂಗೈಯಲ್ಲಿಟ್ಟು, ಬೆರಳು ಮಡಿಸಿದರು. ‘ಅವ... ಅವನಿಗೆ ಕೊಡು’ ಅಂದರು. ಇಷ್ಟು ದಿನದಲ್ಲಿ ಅವರು ನನ್ನ ಜೊತೆ ಆಡಿದ ಮೊದಲ ಮಾತು ಅದು.